ನಾಲ್ಕನೆಯ ಕ್ಯಾಸೆಟ್

ಗುಂಡ್ಲುಪೇಟೆ
೨೬ ಸೆಪ್ಟೆಂಬರ್ ೧೯೯೯, ಭಾನುವಾರ

ಚಿ. ಭಾನುಗೆ,

"…ಕದಿಯೋಳೇ ಆಗಿದ್ದರೆ ಅದನ್ನ ತಗೊಂಡು ಏನು ಮಾಡ್ತಿದ್ದಳು, ಅವರ ಮನೇಲಿ ಇರೋದು ಒಂದು ಭಾಗ್ಯಜ್ಯೋತಿ ಬಲ್ಬು" ಎಂದೋ, ಅದಕ್ಕೆ ಹತ್ತಿರದ್ದೇನನ್ನೋ ನೀನು ಒಮ್ಮೆ ಅಂದಿದ್ದೆ. ಯಾವ ವರ್ಷ ಎಂಬುದು ಮರೆತಿದೆ. ತಟ್ಟೆಯ ಮುಂದೆ ಕೂತಿದ್ದೆ ಎಂಬುದು ಮಾತ್ರ ನೆನಪಿದೆ, ಯಾಕೆಂದರೆ ನಾನು "ಮೊದಲು ಊಟ ಮಾಡು" ಎಂದೆ. ನೀನು ಮಾಡಿದೆ. ನಮ್ಮ ಮನೆಯಲ್ಲಿ ಆ ವಿಷಯ ಮುಗಿದದ್ದು ಹಾಗೆ, ಸಾರನ್ನದಲ್ಲಿ.

ನಿನ್ನ ಕಾಗದ ಬಂದು ಇಪ್ಪತ್ತೆರಡು ದಿನವಾಯಿತು. ಉತ್ತರ ತಡವಾದದ್ದಕ್ಕೆ ಕಾಲನ್ನು ದೂರಬಹುದು. ಆದರೆ ಮುರಿದಿರುವುದು ಕಾಲು, ಬರೆಯುವುದು ಕೈ. ತಡ ಮಾಡಿದೆ, ಕ್ಷಮಿಸು. ಬರುವ ಗುರುವಾರ ಪ್ಲಾಸ್ಟರ್ ತೆಗೆಯುತ್ತಾರಂತೆ. ಒಳಗೆ ತುರಿಸಿದಾಗ ನಿಮ್ಮಮ್ಮನ ಹೆಣಿಗೆ ಕಡ್ಡಿಯನ್ನು ತೂರಿಸಿ ಕೆರೆದುಕೊಳ್ಳುತ್ತೇನೆ, ಅವಳು ಬೈಯುತ್ತಾಳೆ. ಅವಳು ಚೆನ್ನಾಗಿದ್ದಾಳೆ. ಮಂಡಿನೋವು ಇದ್ದ ಹಾಗೇ ಇದೆ. ಬಚ್ಚಲಲ್ಲಿ ಜಾರಿದ್ದಕ್ಕೆ ಆರು ವಾರ ರಜೆ ಸಿಕ್ಕಿತು. ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಇಷ್ಟು ಉದ್ದದ ರಜೆ ಇದೇ ಮೊದಲು. ಮೊದಲ ವಾರ ಪೇಪರ್ ಓದಿದೆ. ಎರಡನೆಯ ವಾರ ರಾಜಣ್ಣ ಚಿಕ್ಕಪ್ಪನಿಗೆ ಫೋನ್ ಮಾಡಿಸಿ ಅವನ ಹಳೇ ವಿಸಿಆರನ್ನು ಚಾಮರಾಜನಗರದ ಬಸ್ಸಿಗೆ ಹಾಕಿಸಿಕೊಂಡೆ. ಅವನ ಮನೆಯಲ್ಲೇ ಇರುವ ನಿನಗೆ ಇದು ಗೊತ್ತಿರಬೇಕು. ಯಾತಕ್ಕೆ ಎಂದು ಅವನಿಗೂ ಹೇಳಿರಲಿಲ್ಲ.

ಆ ಬೊಂಬೆಕತೆ ನೋಡಲಿಕ್ಕೆ.

ನಿನಗೆ ನಗು ಬಂದರೆ ನಗು. ಎಲ್ಲವನ್ನೂ ನೋಡಿದೆ, ಮೂವತ್ತೊಂಬತ್ತು ಭಾಗವನ್ನೂ. ತೊಂಬತ್ತಮೂರರಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಊರಿನ ಮಕ್ಕಳೆಲ್ಲ ಯಾರದೋ ಮನೆಯ ಟೀವಿ ಮುಂದೆ ಕೂತು ನೋಡುತ್ತಿದ್ದರಲ್ಲ, ಅದೇ. ನಾನು ಭಾನುವಾರದ ಹಿಂದಿ ಟ್ಯೂಷನ್ನನ್ನು ಸರಿಯಾಗಿ ಒಂಬತ್ತಕ್ಕೆ ಇಟ್ಟಿದ್ದೆ. ಹೆತ್ತವರು ಮೆಚ್ಚಿದರು. ಟೀವಿಗೆ ನಿಮ್ಮಮ್ಮನ ಹಳೇ ಸೀರೆ ಹೊದಿಸಿ, ಅದರ ಮುಂದೆ ನಿಮ್ಮನ್ನು ಕೂರಿಸಿ, ಪ್ರಥಮಾ ಪರೀಕ್ಷೆಯ ಪಾಠ ಓದಿಸುತ್ತಿದ್ದೆ. ಮಕ್ಕಳು ಆಸೆಪಟ್ಟು ಕೇಳುವ ಒಂದೇ ಒಂದು ಹಿಂದಿಯನ್ನು ಹಿಂದಿ ಮೇಷ್ಟ್ರೇ ತಡೆದದ್ದು ಎಷ್ಟು ವಿಚಿತ್ರ ಎಂಬುದು ಆಗ ಹೊಳೆಯಲಿಲ್ಲ. ನೀನು ಅತ್ತದ್ದಕ್ಕೆ ರಾಜಣ್ಣ ಅದನ್ನೆಲ್ಲ ಅಲ್ಲಿ ರೆಕಾರ್ಡ್ ಮಾಡಿ, ಒಂದು ಕ್ಯಾಸೆಟ್ ತುಂಬಿದ ಹಾಗೆಲ್ಲ ಕಂಡಕ್ಟರ್ ಕೈಲಿ ಕಳಿಸುತ್ತಿದ್ದ. ಒಟ್ಟು ಆರು. ಬಂದದ್ದಕ್ಕೆಲ್ಲ ನಾನು ನಿನ್ನ ಪುಸ್ತಕಗಳಿಗೆ ಹಾಕುವ ಹಾಗೆ ಕಂದು ಕಾಗದದ ಬೈಂಡು ಹಾಕಿ, ನಂಬರು ಬರೆದು, "ರಜೆ ಬರಲಿ" ಎಂದು ಎತ್ತಿಡುತ್ತಿದ್ದೆ. ಮನೆಯಲ್ಲಿ ಬೈಂಡು ಹಾಕದ ವಸ್ತು ಉಳಿದಿರಲಿಲ್ಲ. ರಾಜಣ್ಣನ ಮದುವೆಯ ಕ್ಯಾಸೆಟ್ಟಿಗೂ ಹಾಕಿದ್ದೆ. ಇದನ್ನು ನೆನಪಿಟ್ಟುಕೋ.

ಈಗ ಹಗಲೆಲ್ಲ ಕಾಲನ್ನು ಸ್ಟೂಲಿನ ಮೇಲೆ ಚಾಚಿ, ಬಾಗಿಲು ಮುಚ್ಚಿ, ಸೌಂಡು ತಗ್ಗಿಸಿ ನೋಡುತ್ತಿದ್ದೆ. ಐವತ್ತಕ್ಕೆ ಎರಡು ಕಡಿಮೆ ಇರುವ ಗಂಡಸು ಹಗಲು ಹೊತ್ತು ಹಾಗೆ ನೋಡುವಂಥದ್ದಲ್ಲ. ಯಾರಾದರೂ ಕೆಮ್ಮಿದರೆ ಆರಿಸಿ ಪೇಪರ್ ಹಿಡಿಯುತ್ತಿದ್ದೆ. ಪಕ್ಕದ ಮನೆಯ ದೊಡ್ಡಮಲ್ಲಮ್ಮ ಕೆಮ್ಮುವವರಲ್ಲ. ಮೂರನೆಯ ದಿನ ಕಿಟಕಿಯಲ್ಲೇ ಮುಖ ಇಟ್ಟರು.

"ಏನ್ ಮೇಷ್ಟ್ರೆ, ಈ ವಯಸ್ನಲ್ಲಿ ಬೊಂಬೆ ನೋಡ್ತಾ ಕುಂತಿದ್ದೀರಿ?"

"ಹಿಂದಿ ಉಚ್ಚಾರಣೆ ನೋಡ್ತಿದ್ದೆ" ಎಂದೆ.

"ನೋಡಿ ನೋಡಿ. ಕಾಲ್ ಮುರುದ್ರೆ ನಾಲ್ಗೆ ತಿದ್ಕಬೇಕಂತೆ" ಎಂದು ಒಳಗೇ ಬಂದು ಗೋಡೆಗೆ ಒರಗಿ ಕೂತರು. ಆಮೇಲೆ ದಿನಾ ಬಂದರು, ಎಲೆಅಡಿಕೆ ಸಮೇತ. ಒಂದಕ್ಷರ ಹಿಂದಿ ಬಾರದು. ಆದರೆ ಕತೆ ನನಗಿಂತ ಚೆನ್ನಾಗಿ ಅವರಿಗೇ ತಿಳಿಯುತ್ತಿತ್ತು. ಕೊಡೆ ರಿಪೇರಿ ಮಾಡುತ್ತ ಊರೂರು ಅಲೆಯುವ ಆ ಹುಡುಗಿ, ಅವಳ ಜೊತೆಗೊಂದು ಕುಂಟು ಕೊಕ್ಕರೆ, ಎಲ್ಲೋ ಕಳೆದುಹೋದ ಅವಳ ಅಪ್ಪ. "ಬರೀ ಅಪ್ಪಾ ಅಪ್ಪಾ ಅಂತಳಲ್ಲ, ಆ ಕೊಕ್ರೆಗೆ ಏನಾರ ತಿನ್ನಾಕೆ ಕೊಡಬಾರ್ದಾ" ಎಂದು ಪ್ರತಿ ಭಾಗಕ್ಕೂ ಬೈದರು. ಇಂಥ ಚಿತ್ರಗಳನ್ನು ಜಪಾನಿನಲ್ಲಿ 'ಅನಿಮೆ' ಅನ್ನುತ್ತಾರೆಂದು ಪೇಪರಿನಲ್ಲಿ ಓದಿದ್ದನ್ನು ಹೇಳಿದೆ. "ಯಾವ್ ದೇಸದಾರೆ ಏನು, ಕೊಕ್ರೆಗೆ ಅಸಿವಾಗಕಿಲ್ವಾ" ಎಂದರು.

ಅದನ್ನು ನೋಡಬೇಕೆಂದು ನನಗೆ ಯಾಕೆ ಅನ್ನಿಸಿತು ಎಂದು ಹೇಳಬೇಕು.

ಜುಲೈಯಲ್ಲಿ, ಕಾಲು ಸರಿಯಿದ್ದಾಗ, ಆಫೀಸಿನ ಕೆಲಸಕ್ಕೆ ಚಾಮರಾಜನಗರಕ್ಕೆ ಹೊರಟಿದ್ದೆ. ಜಿಲ್ಲೆಯಾದ ಮೇಲೆ ಎಲ್ಲದಕ್ಕೂ ಅಲ್ಲಿಗೇ ಓಡಬೇಕು. ಬಸ್ಸಿನಲ್ಲಿ ಪಕ್ಕದ ಸೀಟಿನಿಂದ ಒಬ್ಬಳು, ಮಡಿಲಲ್ಲಿ ಕೂಸು, "ನಮಸ್ಕಾರ ಸಾ" ಎಂದಳು. ಗುರುತು ಹತ್ತಲಿಲ್ಲ. "ನಾನು ಸಾ, ಚಿಕ್ಕಬಸಮ್ಮ. ಗುರುಮಲ್ಲಮ್ಮನ ಮಗ್ಳು. ಭಾನು ಜೊತೆ ಟೂಷನ್ಗೆ ಬತ್ತಿದ್ನಲ್ಲ." ಕುದೇರಿಗೆ ಕೊಟ್ಟಿದ್ದಾರಂತೆ. ತವರಿಗೆ ಬಂದು ವಾಪಸು ಹೋಗುತ್ತಿದ್ದಳು. ನಿನ್ನನ್ನು ಕೇಳಿದಳು. ಟೀಚರ್ ಆಗ್ತಾಳೆ ಎಂದೆ. "ಆಗ್ಲಿ ಸಾ, ಅವ್ಳು ಆಗ್ಲೂ ಚೆಂದಾಗಿ ಏಳ್ಕೊಡ್ತಿದ್ಲು" ಎಂದಳು. ನಾನು ಕಿಟಕಿಯ ಹೊರಗೆ ನೋಡಿದೆ. ತೆರಕಣಾಂಬಿ ದಾಟುವವರೆಗೂ ನೋಡಿದೆ. ಆಮೇಲೆ ಅವಳು ಕೂಸಿನ ತಲೆ ಸವರುತ್ತ, ಏನೋ ಸಣ್ಣ ವಿಷಯವೆಂಬಂತೆ ಕೇಳಿದಳು:

"ಅದ್ರಲ್ಲಿ, ಕೊನೀಗೆ ಅವ್ರಪ್ಪ ಸಿಕ್ಕುದ್ನಾ ಸಾ?"

ಯಾವುದರಲ್ಲಿ ಎಂದು ನಾನು ಕೇಳಬೇಕಾಗಲಿಲ್ಲ. "ಸಿಕ್ಕಿದ" ಎಂದೆ. ನಾನು ನೋಡಿರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ನೋಡಿರಲಿಲ್ಲ.

"ಅಂಗಾರೆ ಸರಿ ಬುಡಿ. ಇವ್ಳಿಗೂ ನಾನು ಅಂಗೇ ಏಳ್ತೀನಿ" ಎಂದು ಕೂಸನ್ನು ತೋರಿಸಿ ನಕ್ಕಳು.

ಆ ದಸರಾ ರಜೆ ನಿನಗೆ ನೆನಪಿದೆ. ಆದರೂ ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ನಾನು ಇದನ್ನು ಒಂದು ಸಲವೂ ಬಾಯಿಬಿಟ್ಟು ಹೇಳಿಲ್ಲವಾದ್ದರಿಂದ. ಎರಡು ದಿನಕ್ಕೆ ವಿಸಿಪಿ ಬಾಡಿಗೆಗೆ ತಂದೆ. ಮೊದಲ ದಿನ ಮೂರು ಕ್ಯಾಸೆಟ್, ಎರಡನೆಯ ದಿನ ಮೂರು ಎಂದು ಟೈಮ್‌ಟೇಬಲ್ ಹಾಕಿದೆ. ಬೀದಿಯ ಹನ್ನೆರಡು ಹದಿಮೂರು ಮಕ್ಕಳು ಬಂದರು. ಬಸ್ ಸ್ಟ್ಯಾಂಡಿನ ಮಲಯಾಳಿ ಕೊಡೆ ರಿಪೇರಿಯವನ ಹತ್ತಿರ ನೀನೂ ಚಿಕ್ಕಬಸಮ್ಮನೂ ಮಧ್ಯಾಹ್ನ ಹೋಗಿ, ನಿಮಗೆ ಕಳೆದುಹೋದ ಮಗಳು ಇದ್ದಾಳಾ ಎಂದು ಕೇಳಿ, ಅವನು ಮೂರು ಬೆರಳು ತೋರಿಸಿ "ಮೂರೂ ಮನೇಲೇ ಉಂಟು" ಎಂದನೆಂದು ಬಿದ್ದು ಬಿದ್ದು ನಕ್ಕಿರಿ. ಸಂಜೆ ಕೊನೆಯಲ್ಲಿ ಹೊರಟವಳು ಅವಳು. ಟೀವಿ ಮೇಲಿದ್ದ ನಾಲ್ಕನೆಯದನ್ನು ಮುಟ್ಟಿ, "ಇದ್ರಲ್ಲಿ ಏನೈತೆ ಸಾ?" ಎಂದು ಕೇಳಿದಳು. ಮರುದಿನ ಬೆಳಿಗ್ಗೆ ಅದು ಅಲ್ಲಿರಲಿಲ್ಲ.

ಹದಿಮೂರು ಮಕ್ಕಳಲ್ಲಿ ನಾನು ಒಬ್ಬಳ ಚೀಲವನ್ನು ಮಾತ್ರ ಬಿಚ್ಚಿಸಿದೆ. ಎಲ್ಲರ ಮುಂದೆ. ಒಳಗೆ ಒಂದು ಕಾಪಿ ಪುಸ್ತಕ, ಅರ್ಧ ಪೆನ್ಸಿಲ್ಲು, ಕಡ್ಲೆಪಪ್ಪಿನ ಪೊಟ್ಟಣ. ಮಿಕ್ಕವರು ಸೊಸೈಟಿ ಸೆಕ್ರೆಟರಿಯ ಮಗ, ಕ್ಲಾರ್ಕಿನ ಮಗಳು, ಹೀಗೆ. ಅವಳ ತಾಯಿ ಈರುಳ್ಳಿ ಮಂಡಿಯಲ್ಲಿ ಕೂಲಿ. ಬೇರೆ ಕಾರಣವೇನೂ ಇರಲಿಲ್ಲ. ಅವತ್ತು ಅದನ್ನು ನಾನು ಅನುಭವ ಎಂದು ಕರೆದುಕೊಂಡೆ.

ಗುರುಮಲ್ಲಮ್ಮ ಮಂಡಿಯಿಂದ ಬಂದವಳೇ ಮಗಳನ್ನು ಹೊಡೆದಳಂತೆ. ಕತ್ತಲಾಗುವ ಮೊದಲೇ ಅವಳು ಒಪ್ಪಿಕೊಂಡಳು: ತೆಗೆದುಕೊಂಡೆ, ಹೆದರಿ ಕೆರೆಗೆ ಎಸೆದುಬಿಟ್ಟೆ. ಮರುದಿನ ಸಂಜೆ ಆ ತಾಯಿಯೇ ನಮ್ಮ ಬಾಗಿಲಿಗೆ ಬಂದು, ಮಗಳ ರಟ್ಟೆ ಹಿಡಿದುಕೊಂಡು, "ಬನ್ನಿ ಸಾ, ಎಲ್ಲಿ ಎಸ್ದವ್ಳೆ ತೋರುಸ್ತಾಳೆ. ನಿಮ್ ಪದಾರ್ಥ ನಿಮ್ಗೆ ಸೇರ್ಬುಡ್ಲಿ. ನಾವು ಬಡವ್ರು, ಕಳ್ರಲ್ಲ" ಎಂದಳು. ಬೀದಿಯೇ ಹೊರಟಿತು. ಕೆರೆ ಏರಿಯ ಮೇಲೆ ನೀನು ನನ್ನ ಪಕ್ಕದಲ್ಲೇ ನಿಂತಿದ್ದೆ. ಅವಳು ಬೆರಳು ತೋರಿಸಿದಳು. ಟ್ಯೂಷನ್ನಿನ ಇಬ್ಬರು ಪ್ಯಾಂಟು ಮಡಿಸಿ ಇಳಿದರು. ಸಿಗಲಿಲ್ಲ. ವಾಪಸು ಬರುವಾಗ ನೀನು ಅವಳಿಗೆ "ಕಳ್ಳಿ" ಎಂದೆ. ಆಮೇಲೆ ಅವಳು ಟ್ಯೂಷನ್ನಿಗೆ ಬರಲಿಲ್ಲ, ಸಂಕ್ರಾಂತಿಯ ಹೊತ್ತಿಗೆ ಸ್ಕೂಲಿಗೂ.

ಅವಳು ತೆಗೆದುಕೊಂಡಿರಲಿಲ್ಲ, ಭಾನು.

ಅವತ್ತು ಸಂಜೆ, ಮಕ್ಕಳೆಲ್ಲ ಹೋದ ಮೇಲೆ ಹಂಗಳದ ನಿನ್ನ ಮಾವ ಶಂಭುಲಿಂಗಪ್ಪ ಬಂದಿದ್ದ, ರಾಜಣ್ಣನ ಮದುವೆಯ ಕ್ಯಾಸೆಟ್ಟಿಗೆ. ಅದು ಆಗ ನೆಂಟರ ಮನೆಯಿಂದ ಮನೆಗೆ ತಿರುಗುತ್ತಿತ್ತಲ್ಲ, ಯಾರ ಸೀರೆ ಯಾವುದು ಎಂದು ನೋಡಲಿಕ್ಕೆ. ಅವನಿಗೆಂದೇ ಅದನ್ನು ಮಧ್ಯಾಹ್ನ ತೆಗೆದು ಟೀವಿ ಮೇಲೆ ಉಳಿದ ಕ್ಯಾಸೆಟ್ಟುಗಳ ಮೇಲ್ತುದಿಯಲ್ಲಿ ಇಟ್ಟಿದ್ದೆ. ಮಕ್ಕಳ ಕೈಗೆ ಸಿಕ್ಕೀತೆಂದು ನಿಮ್ಮಮ್ಮ, ನನಗೆ ಹೇಳದೆ, ಅದನ್ನು ಎತ್ತಿ ಸೀರೆಗಳ ಅಡಿಗೆ ಇಟ್ಟಿದ್ದಳು. ಅವನು ಬಂದಾಗ ಕರೆಂಟು ಹೋಗಿತ್ತು, ಹಂಗಳದ ಕೊನೇ ಬಸ್ಸು ಹೊರಡುವುದರಲ್ಲಿತ್ತು. ಮುಸ್ಸಂಜೆಯಲ್ಲಿ ಕೈಗೆ ಸಿಕ್ಕ ಮೇಲಿನದನ್ನು ಕೊಟ್ಟು ಕಳಿಸಿದೆ. ಎಲ್ಲದಕ್ಕೂ ಅದೇ ಕಂದು ಬೈಂಡು. ನಾಲ್ಕನೆಯದು ಯಾವಾಗಲೋ ಹಂಗಳದಿಂದ ವಾಪಸು ಬಂದು, ನನ್ನ ಹಳೇ ಪ್ರಶ್ನೆಪತ್ರಿಕೆಗಳ ಟ್ರಂಕಿಗೆ ಸೇರಿಬಿಟ್ಟಿತ್ತು.

ಮೊದಲಿಗೆ ನಾಲ್ಕನೆಯದನ್ನು ಬಿಟ್ಟು ಉಳಿದದ್ದು ನೋಡಿದೆ. ಕೊನೆಯ ಭಾಗದಲ್ಲಿ ಆ ಹುಡುಗಿ ಒಂದು ಸಮುದ್ರತೀರದ ಊರಿಗೆ ಹೋಗುತ್ತಾಳೆ. ಅಲ್ಲಿ ಒಬ್ಬ ಮುದುಕ ಅಂಗಡಿಯ ಮುಂದೆ ಕೂತಿದ್ದಾನೆ. ಅವಳನ್ನು ಕಂಡವನೇ ಕೊಡೆಯನ್ನು ಬಗ್ಗಿಸಿ ಮುಖ ಮರೆಮಾಡಿಕೊಳ್ಳುತ್ತಾನೆ. ಆ ಕೊಡೆಯ ಒಂದು ಕಡ್ಡಿ ಮುರಿದಿರುತ್ತದೆ. ಅವಳು ಏನೂ ಕೇಳದೆ ಅದನ್ನು ಸರಿಮಾಡಿ, ಕೊಕ್ಕರೆಯನ್ನು ಎತ್ತಿಕೊಂಡು ಹೊರಟುಹೋಗುತ್ತಾಳೆ. ಅಷ್ಟೆ. ಅವನು ಅಪ್ಪನೋ ಅಲ್ಲವೋ ಹೇಳುವುದೇ ಇಲ್ಲ. ನಾನು ರಿವೈಂಡ್ ಮಾಡಿ ಮೂರು ಸಲ ನೋಡಿದೆ. ದೊಡ್ಡಮಲ್ಲಮ್ಮನಿಗೆ ಒಂದೇ ಸಲ ಸಾಕಾಯಿತು. "ಅವ್ನೇ ಕಣಪ್ಪ. ಸಿಕ್ಕಾಕೆ ಮೊಕ ಇಲ್ಲ ಅವ್ನಿಗೆ, ಅಷ್ಟೇಯ" ಎಂದು ಎದ್ದು ಸೊಪ್ಪು ಬಿಡಿಸಲು ಹೋದರು.

ಆಮೇಲೆ ಒಬ್ಬನೇ ಇದ್ದಾಗ ನಾಲ್ಕನೆಯದನ್ನು ಹಾಕಿದೆ. ಅದರಲ್ಲಿ ಹೆಚ್ಚಿಗೆ ಏನೂ ಆಗುವುದಿಲ್ಲ. ಒಂದು ಭಾಗ ಪೂರ್ತಿ ಮಳೆ. ಹುಡುಗಿಯೂ ಕೊಕ್ಕರೆಯೂ ಸೇತುವೆಯ ಅಡಿಯಲ್ಲಿ ಕೂತು ಗೆಣಸು ಸುಟ್ಟು ತಿನ್ನುತ್ತಾರೆ. ಮಳೆ ನಿಲ್ಲುತ್ತದೆ. ಇದರಲ್ಲಿ ಏನೈತೆ ಸಾ ಎಂದು ಚಿಕ್ಕಬಸಮ್ಮ ಕೇಳಿದ್ದಳು. ಅವತ್ತೇ ಗೊತ್ತಿದ್ದರೆ ಹೇಳಬಹುದಿತ್ತು: ಗೆಣಸು ಇದೆ ಕಣವ್ವ, ಕೊಕ್ಕರೆಗೂ ಕೊಡ್ತಾಳೆ.

ನೀನು ಬರೆದಿದ್ದೀಯ: ಪಾಠ ಮಾಡುವ ಅಭ್ಯಾಸಕ್ಕೆ ನಿಮ್ಮನ್ನು ಕುದೇರಿನ ಸ್ಕೂಲಿಗೇ ಹಾಕಿದ್ದಾರೆ, ಗೇಟಿನ ಹತ್ತಿರ ಅವಳನ್ನು ಕಂಡೆ, ಅವಳು ನಿಂತಳು, "ನಾನೇ ಮಾತಾಡಿಸಲಿಲ್ಲ ಅಪ್ಪ, ಕಳ್ಳಿ ಅಂದಿದ್ದೆನಲ್ಲ. ಅವಳು ಸುಳ್ಳೇ ಒಪ್ಪಿಕೊಂಡಳೋ ಅಂತ ಈಗೀಗ ಅನ್ನಿಸುತ್ತೆ." ಈ ದಸರಾಕ್ಕೂ ಬರುವುದಿಲ್ಲ, ಪಾಠದ ರೆಕಾರ್ಡ್ ಬರೆಯುವುದಿದೆ ಎಂದೂ ಬರೆದಿದ್ದೀಯ. ಹೋದ ಎರಡು ರಜೆಯಲ್ಲೂ ಏನಾದರೊಂದು ಬರೆಯುವುದಿತ್ತು. ನಾನು ಕೇಳಲಿಲ್ಲ. ಕೇಳುವ ಹಕ್ಕು ಇರುವವರು ಕೇಳುತ್ತಾರೆ.

ಒಂದು ಕೆಲಸ ಮಾಡು. ಮತ್ತೆ ಅವಳು ಸಿಕ್ಕರೆ, ಕ್ಯಾಸೆಟ್ ಸಿಕ್ಕಿತಂತೆ, ಅಪ್ಪನ ಕೈತಪ್ಪಿನಿಂದ ಹಂಗಳಕ್ಕೆ ಹೋಗಿತ್ತಂತೆ, ಅವರಿಗೆ ತುಂಬಾ ಬೇಜಾರಾಗಿದೆಯಂತೆ ಎಂದು ಹೇಳಿಬಿಡು. ನಿನ್ನ ಬಾಯಿಂದ ಕೇಳಿದರೆ ಅವಳಿಗೂ ಸಮಾಧಾನವಾದೀತು. ನೀವಿಬ್ಬರೂ ಮೊದಲಿನ ಹಾಗೆ ಇರಬಹುದು.

ನಿಮ್ಮಮ್ಮ ಹುರಿಟ್ಟು ಮಾಡಿಟ್ಟಿದ್ದಾಳೆ, ಬಸ್ಸಿಗೆ ಹಾಕಿಸುತ್ತೇನೆ. ರಾಜಣ್ಣನಿಗೂ ಚಿಕ್ಕಮ್ಮನಿಗೂ ನೆನಪು ಹೇಳು. ನಿನ್ನ ಮುಂದೆ ಕೂರುವ ಮಕ್ಕಳು ನಿನಗೆ ಹೆದರದೆ ಇರಲಿ. ನಾನು ಕೊಡಬಹುದಾದ ಆಶೀರ್ವಾದ ಇದೊಂದೇ.

ನಿನ್ನ ಅಪ್ಪ,
ನೀಲಕಂಠಸ್ವಾಮಿ

ಮರೆತ ಮಾತು:

ಮರೆತದ್ದಲ್ಲ. ಕವರಿಗೆ ಅಂಟು ಹಾಕಿ, ಬಿಚ್ಚಿ, ಈ ಹಾಳೆಯನ್ನು ಸೇರಿಸುತ್ತಿದ್ದೇನೆ. ನಾಲ್ಕನೆಯದು ಯಾವಾಗಲೋ ವಾಪಸು ಬಂತು ಎಂದು ಮೇಲೆ ಬರೆದೆ. ಯಾವಾಗ ಎಂದು ನನಗೆ ಗೊತ್ತು.

ಅವಳು ಒಪ್ಪಿಕೊಂಡ ಮರುದಿನ ಬೆಳಿಗ್ಗೆ, ಬಸ್ ಸ್ಟ್ಯಾಂಡಿನಲ್ಲಿ ಶಂಭುಲಿಂಗಪ್ಪ ಸಿಕ್ಕಿ ಬಟ್ಟೆಚೀಲ ಕೈಗಿತ್ತ. "ಏನ್ ಭಾವ, ಮದ್ವೆ ಅಂತ ಕೊಟ್ಬುಟ್ಟು ಬೊಂಬೆ ಕಳ್ಸಿದ್ದೀರಲ್ಲ! ನಮ್ಮನೆ ಐಕ್ಳೆಲ್ಲಾ ಕುಣಿದಾಡ್ಬುಟ್ಟೊ" ಎಂದು ನಕ್ಕ. ನಾನೂ ನಕ್ಕೆ. ಸೀದಾ ಗುರುಮಲ್ಲಮ್ಮನ ಮನೆಗೆ ಹೋಗಬೇಕೆಂದೇ ಹೊರಟೆ. ದಾರಿಯಲ್ಲಿ ಒಬ್ಬರು "ಒಪ್ಕಂಡ್ಳಂತಲ್ಲ ಮೇಷ್ಟ್ರೆ" ಎಂದರು. ಇನ್ನೊಬ್ಬರು "ನಿಮ್ ಮುಂದೆ ಸುಳ್ ಏಳಕ್ಕಾದದಾ" ಎಂದರು. ಅವರ ಮನೆಯ ತಿರುವು ಬಂದಾಗ ನಾನು ತಿರುಗಲಿಲ್ಲ. ಚೀಲವನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ನಿಮ್ಮಮ್ಮನಿಗೂ ಹೇಳಲಿಲ್ಲ. ಕೆರೆಗೆ ಹೋದದ್ದು ಅದೇ ದಿನ ಸಂಜೆ. ಗುರುಮಲ್ಲಮ್ಮ ಬಂದು ಕರೆದಾಗ ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ, ಮನೆಯಲ್ಲಿರುವ ಕ್ಯಾಸೆಟ್ಟನ್ನು ಕೆರೆಯಲ್ಲಿ ಹುಡುಕಿಸಲಿಕ್ಕೆ.

ಆದ್ದರಿಂದ ನೀನು ಅವಳಿಗೆ ಏನೂ ಹೇಳಬೇಡ. ನನ್ನ ಪರವಾಗಿ ಬೇಜಾರನ್ನೂ ಪಡಬೇಡ. ನೀನು ಅಂದ ಮಾತು ನನ್ನದು, ನಿನ್ನ ಬಾಯಲ್ಲಿ ಬಂತು. ಗುರುವಾರ ಪ್ಲಾಸ್ಟರ್ ತೆಗೆಯುತ್ತಾರೆ, ಶುಕ್ರವಾರ ನಾನೇ ಕುದೇರಿಗೆ ಬರುತ್ತೇನೆ. ಇದನ್ನು ಅವಳಿಗೆ ಹೇಳುತ್ತೇನೆ, ಅವಳ ಮನೆಯವರೆದುರು, ಆಮೇಲೆ ಇಲ್ಲಿ ಗುರುಮಲ್ಲಮ್ಮನಿಗೆ, ನಮ್ಮ ಬೀದಿಯಲ್ಲಿ. ಅಪ್ಪ ಸಿಕ್ಕಿದ ಎಂದದ್ದೂ ಸುಳ್ಳು ಎಂದು ಹೇಳುತ್ತೇನೆ. ನೀನು ಬರಬೇಕಾಗಿಲ್ಲ. ದಸರಾಕ್ಕೆ ಬರುವುದೂ ಬಿಡುವುದೂ ಇದನ್ನು ಓದಿದ ಮೇಲೆ ನಿನಗೆ ಅನ್ನಿಸಿದಂತೆ.

ಇನ್ನೊಂದು ಉಳಿದಿದೆ. ಅದನ್ನು ನಿನಗೆ ಹೇಗೆ ಬರೆಯಬೇಕೋ ತಿಳಿಯದು, ಅವಳ ಮುಂದೆ ಕೂತಾಗ ಬಾಯಿಗೆ ಬರುತ್ತದೆಯೋ ಇಲ್ಲವೋ ಅದೂ ತಿಳಿಯದು. ಹುಡುಗರು ಮಂಡಿಯುದ್ದ ಕೆಸರಲ್ಲಿ ನಿಂತು "ಇಲ್ಲಿಲ್ಲ ಸಾ" ಎಂದಾಗ, ಎಲ್ಲರೂ ನನ್ನ ಕಡೆ ತಿರುಗಿದರು. ನಾನು "ಇನ್ನೂ ಸ್ವಲ್ಪ ಆಚೆ ನೋಡಿ" ಎಂದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

ಚಿಕ್ಕಬಸಮ್ಮ, ನಾನು ಆಚೆ ಎಂದಕೂಡಲೇ ನಿನ್ನ ಬೆರಳೂ ಆಚೆಗೆ ಸರಿಯಿತಲ್ಲ, ಅದು ಅಲ್ಲಿಲ್ಲವೆಂದು ನನಗೂ ತಿಳಿದಿದೆ ಎಂಬುದು ನಿನಗೆ ಅಷ್ಟರಲ್ಲೇ ಗೊತ್ತಾಗಿಬಿಟ್ಟಿತ್ತೇನವ್ವ?